ತೋಟೆ ತುಂಬುವ ಪೆಟ್ಟಿಗೆ ಅಟ್ಟದ ಮೇಲೇ ಇರಲಿ

ಭತ್ತ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಗದ್ದೆ ಬಯಲಿನಲ್ಲಿ ಯಾರಿಗೂ ಪೂರ್ತಿ ನಿದ್ದೆ ಇರುವುದಿಲ್ಲ. ಹಂದಿಯ ಹಿಂಡು ಒಂದೇ ರಾತ್ರಿ ಇಳಿದರೂ ಸಾಕು, ಆರು ತಿಂಗಳ ದುಡಿಮೆ ಕೆಸರಾಗುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಮಾಳದ ಮೇಲೆ ಕುಳಿತು ತಗಡು ಬಡಿದು, ಕೂಗು ಹಾಕಿ, ಬೆಳಗಿನ ಜಾವ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಅವು ಬರುತ್ತವೆ. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾದ್ದಿಲ್ಲ. ನಾನು ಹೇಳಹೊರಟಿರುವುದು ಆ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರ ಕೈಯಲ್ಲಿರುವ ಕೋವಿಯ ವಿಷಯ. ಅದಕ್ಕಿಂತ ಹೆಚ್ಚಾಗಿ ಕೋವಿಯೊಳಗಿರುವ ತೋಟೆಯ ವಿಷಯ.

ಹೋದ ವರ್ಷ ಇದೇ ಕಾಲದಲ್ಲಿ ನಮ್ಮೂರಿನ ಒಬ್ಬ ಹುಡುಗ ಮನೆಗೆ ಬಂದ. ಅವನ ತಂದೆ ತೀರಿಕೊಂಡ ಮೇಲೆ ಕೋವಿಯೂ ಲೈಸೆನ್ಸೂ ಅವನ ಹೆಸರಿಗೆ ಆಗಿವೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಎದ್ದು ಹೊರಡುವಾಗ ಕೇಳಿದ: “ದೊಡ್ಡಪ್ಪ, ನಿಮ್ಮ ಅಟ್ಟದ ಮೇಲೆ ತೋಟೆ ತುಂಬೋ ಸಾಮಾನು ಇದೆಯಂತೆ. ಒಂದು ಸೀಸನ್ ಮಟ್ಟಿಗೆ ಕೊಡ್ತೀರಾ? ಅಂಗಡಿ ತೋಟೆ ತರೋಕೆ ಪೇಟೆಗೆ ಹೋಗಿ ಬರೋದೇ ಒಂದು ದಿನ, ಬೆಲೆಯೂ ಹಾಗೇ ಇದೆ. ಸುಟ್ಟ ತೋಟೆ ಮನೇಲಿ ಬುಟ್ಟಿಗಟ್ಟಲೆ ಬಿದ್ದಿವೆ.” “ಕೊಡುವುದಿಲ್ಲ ಮಾರಾಯ” ಎಂದೆ. ಅವನಿಗೆ ಬೇಸರವಾಯಿತು. ಯಾಕೆ ಕೊಡಲಿಲ್ಲ ಎಂದು ಅಂಗಳದಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವನೊಬ್ಬನದೇ ಅಲ್ಲ ಎಂಬುದೂ ನನಗೆ ಗೊತ್ತು.

ಪೆಟ್ಟಿಗೆಯಲ್ಲಿರುವುದು

ಆ ಪೆಟ್ಟಿಗೆ ನನ್ನ ತಂದೆಯವರದು. ಅದರಲ್ಲಿ ಇರುವುದು ಇಷ್ಟೇ: ಹನ್ನೆರಡು ಬೋರಿನ ಮೂವತ್ತು ಹಿತ್ತಾಳೆ ತೋಟೆಗಳು, ಸುಟ್ಟ ಕೇಪನ್ನು ಹೊರಗೆ ತಳ್ಳಲು ಒಂದು ಕಡ್ಡಿ, ಹೊಸ ಕೇಪನ್ನು ಕೂರಿಸಲು ಇಕ್ಕುಳದಂಥ ಸಾಧನ, ಮದ್ದಿಗೊಂದು ಚರೆಗೊಂದು ಹೀಗೆ ಎರಡು ಅಳತೆಯ ಮಿಳ್ಳೆಗಳು, ಅದುಮಲು ಹಲಸಿನ ಮರದ ಗೂಟ, ಬಿಲ್ಲೆ ಕತ್ತರಿಸುವ ಉಕ್ಕಿನ ಅಚ್ಚು. ಜೊತೆಗೆ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ ಒಂದು ಪುಟ್ಟ ಯಂತ್ರ. ಕಾಗದದ ತೋಟೆಯನ್ನು ಅದರಲ್ಲಿಟ್ಟು ಹಿಡಿ ತಿರುಗಿಸಿದರೆ ತೋಟೆಯ ಬಾಯಿ ಒಳಕ್ಕೆ ಮಡಿಸಿಕೊಳ್ಳುತ್ತದೆ. ಇಂಥ ಯಂತ್ರಗಳನ್ನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಡಿಕ್ಸನ್, ಹಾಕ್ಸ್‌ಲಿ ಮುಂತಾದ ಕಂಪೆನಿಗಳು ಮಾಡುತ್ತಿದ್ದವು. ತೋಟದ ದೊರೆಗಳ ಬಂಗಲೆಗಳಿಂದ ಅವು ನಮ್ಮಂಥವರ ಮನೆಗಳಿಗೆ ಇಳಿದವು.

ತೋಟೆ ಎಂಬುದರ ಒಳಗನ್ನು ಬಿಚ್ಚಿ ನೋಡಿದವರಿಗೆ ಈ ಕೆಲಸ ಬಹಳ ಸುಲಭವೆಂದು ತೋರುತ್ತದೆ. ಬುಡದಲ್ಲಿ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ದಪ್ಪನೆಯ ಬಿಲ್ಲೆ, ಬಿಲ್ಲೆಯ ಮೇಲೆ ಚರೆ, ಚರೆಯ ಮೇಲೆ ತೆಳು ರಟ್ಟು. ಆಮೇಲೆ ಬಾಯಿ ಮುಚ್ಚುವುದು. ನಮ್ಮ ತಂದೆ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಾವಡಿಯಲ್ಲಿ ಚಾಪೆ ಹಾಸಿ ಈ ಕೆಲಸಕ್ಕೆ ಕೂರುತ್ತಿದ್ದರು. ಒಲೆಯ ಬೆಂಕಿ ಆರಿರಬೇಕು, ಬೀಡಿ ಸೇದುವವರು ಅಂಗಳ ದಾಟಿ ಆಚೆ ಹೋಗಬೇಕು, ಮಕ್ಕಳು ಮಾತಾಡಕೂಡದು. ಕಬ್ಬಿಣದ ಸಾಮಾನು ಮದ್ದಿನ ಹತ್ತಿರ ಬರಕೂಡದು. ಕರಿಮದ್ದಿಗೆ ಒಂದು ಕಿಡಿ ಸಾಕು, ಅದಕ್ಕೇ ಮರದ ಗೂಟ, ಹಿತ್ತಾಳೆಯ ಮಿಳ್ಳೆ. ಚರೆಯ ಮೇಲಿನ ರಟ್ಟಿಗೆ ಹಳೆಯ ಲಗ್ನಪತ್ರಿಕೆಗಳು ಆಗುತ್ತಿದ್ದವು. ದಪ್ಪ ಬಿಲ್ಲೆಗೆ ಹರಿದ ಕಂಬಳಿ. ಹಿತ್ತಾಳೆ ತೋಟೆಯ ಬಾಯಿಯನ್ನು ಮಡಿಸಲು ಬಾರದು. ರಟ್ಟಿನ ಅಂಚಿಗೆ ಜೇನುಮೇಣ ಕರಗಿಸಿ ಬಳಿಯುತ್ತಿದ್ದರು. ಕರಗಿಸುವ ಕೆಲಸ ಅಡಿಗೆಮನೆಯಲ್ಲಿ, ಮದ್ದಿನ ಡಬ್ಬಿ ಒಳಗೆ ಹೋಗಿ ಬೀಗ ಬಿದ್ದ ಮೇಲೆ. ಕೊನೆಯಲ್ಲಿ ಪ್ರತಿಯೊಂದು ರಟ್ಟಿನ ಮೇಲೂ ಒಳಗಿರುವ ಚರೆಯ ನಂಬರನ್ನು ಸೀಸದ ಕಡ್ಡಿಯಿಂದ ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಗೊತ್ತಿಲ್ಲದ ತೋಟೆಯನ್ನು ಅವರು ಎಂದೂ ಕೋವಿಗೆ ಹಾಕಿದವರಲ್ಲ.

ಇಷ್ಟು ಶಿಸ್ತಿನ ಮನೆಯಲ್ಲಿಯೂ ಒಮ್ಮೆ ತಪ್ಪಾಯಿತು. ತಪ್ಪು ನನ್ನದೇ. ಹತ್ತೊಂಬತ್ತು ವರ್ಷಕ್ಕೆ, ನನಗೂ ಕೆಲಸ ಬಂದಿತೆಂದು, ಹತ್ತು ತೋಟೆ ತುಂಬಲು ಬಿಟ್ಟರು. ನಡುವೆ ಯಾರೋ ನೆಂಟರು ಬಂದರು. ಎದ್ದು ಮಾತಾಡಿಸಿ ಮತ್ತೆ ಬಂದು ಕೂತೆ. ಒಂದು ತೋಟೆಗೆ ಮದ್ದು ಹಾಕದೆಯೇ ಬಿಲ್ಲೆ, ಚರೆ ತುಂಬಿ ಮುಚ್ಚಿದ್ದೆ. ಆ ರಾತ್ರಿ ಮಾಳದಲ್ಲಿ ಅದೇ ತೋಟೆ ಒಂಟಿ ನಳಿಗೆಯ ಕೋವಿಗೆ ಬಿತ್ತು. ಕುದುರೆ ಎಳೆದರೆ ‘ಟುಸ್’ ಎಂದಿತು. ಹಂದಿ ಇನ್ನೂ ಅಲ್ಲೇ ಇತ್ತು. ನಾನು ಇನ್ನೊಂದು ತೋಟೆಗೆ ಕೈ ಹಾಕಿದೆ. ತಂದೆ ನನ್ನ ಮಣಿಕಟ್ಟು ಹಿಡಿದು ಕೋವಿ ಕಿತ್ತುಕೊಂಡರು. ಮರುದಿನ ಬೆಳಕಿನಲ್ಲಿ ನಳಿಗೆಯ ಬಾಯಿಯಿಂದ ಗಜ ಇಳಿಸಿದರು, ಅರ್ಧಕ್ಕೆ ನಿಂತಿತು. ಕೇಪಿನ ಬಲವೊಂದಕ್ಕೇ ಬಿಲ್ಲೆ, ಚರೆ ನಡುನಳಿಗೆಗೆ ಹೋಗಿ ಸಿಕ್ಕಿಕೊಂಡಿದ್ದವು. ಅದರ ಹಿಂದೆ ಇನ್ನೊಂದು ಈಡು ಹಾರಿಸಿದ್ದರೆ ನಳಿಗೆ ಒಡೆಯುತ್ತಿದ್ದುದು ನನ್ನ ಎಡಗೈ ಇದ್ದ ಜಾಗದಲ್ಲಿ. ಈ ಲೇಖನವನ್ನು ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು ಬರೆಯುತ್ತಿದ್ದೇನೆ.

ಕರಿಮದ್ದು ಬೇರೆ, ಹೊಗೆಯಿಲ್ಲದ ಮದ್ದು ಬೇರೆ

ಹಳಬರು ತುಂಬುತ್ತಿರಲಿಲ್ಲವೇ, ಅವರಿಗೆ ಏನಾಯಿತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳಬರಲ್ಲಿ ಹೆಚ್ಚಿನವರು ತುಂಬುತ್ತಿದ್ದುದು ಕರಿಮದ್ದು. ಅದು ಹೊಗೆ ಹೆಚ್ಚು, ಕೊಳೆ ಹೆಚ್ಚು, ಆದರೆ ಅಳತೆಯಲ್ಲಿ ಸಣ್ಣ ತಪ್ಪುಗಳನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸುವಂಥದ್ದು. ತೋಟೆಯಲ್ಲಿ ಅದಕ್ಕೆ ಜಾಗವೂ ಹೆಚ್ಚು ಬೇಕಾಗುವುದರಿಂದ ಎರಡು ಪಟ್ಟು ಹಾಕಿದರೆ ಚರೆಗೆ ಸ್ಥಳವೇ ಉಳಿಯುವುದಿಲ್ಲ, ಕಣ್ಣಿಗೇ ಕಾಣುತ್ತದೆ. ಇಂದು ಅಂಗಡಿಯ ತೋಟೆಗಳಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ನಡತೆಯೇ ಬೇರೆ.

ಲೆಕ್ಕ ನೋಡಿ. ಹಳೆಯ ಮಿಳ್ಳೆಗಳ ಮೇಲೆ ‘ಡ್ರಾಮ್’ ಎಂಬ ಅಳತೆ ಕೊರೆದಿರುತ್ತದೆ. ಒಂದು ಡ್ರಾಮ್ ಎಂದರೆ ಸುಮಾರು 1.77 ಗ್ರಾಂ. ಹನ್ನೆರಡು ಬೋರಿಗೆ 3 ಡ್ರಾಮ್ ಕರಿಮದ್ದು, ಅಂದರೆ ಸುಮಾರು 5.3 ಗ್ರಾಂ, ಸಾಮಾನ್ಯ ಈಡು. ಅದೇ ಕೆಲಸವನ್ನು ಹೊಗೆಯಿಲ್ಲದ ಮದ್ದು ಒಂದೂವರೆ ಗ್ರಾಮಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅಜ್ಜನ ಮಿಳ್ಳೆಯಲ್ಲಿ ಇಂದಿನ ಮದ್ದನ್ನು ಗೆರೆಯವರೆಗೆ ತುಂಬಿದವನು ತಾನು ಲೆಕ್ಕದ ಪ್ರಕಾರವೇ ಹಾಕಿದ್ದೇನೆ ಎಂದು ತಿಳಿಯುತ್ತಾನೆ. ತೋಟೆಯಲ್ಲಿ ಬಿದ್ದಿರುವುದು ಕೋವಿ ತಡೆಯಲಾರದಷ್ಟು. ಈ ಗೊಂದಲಕ್ಕೆ ಇನ್ನೂ ಒಂದು ಕಾರಣವುಂಟು. ಹೊಗೆಯಿಲ್ಲದ ಮದ್ದು ಹೊಸದಾಗಿ ಬಂದ ಕಾಲದಲ್ಲಿ, ಕರಿಮದ್ದಿನ ಮಿಳ್ಳೆಯಲ್ಲೇ ಅಳೆಯಬಹುದಾದ ಹಗುರ ಜಾತಿಯೂ ಮಾರಾಟಕ್ಕಿತ್ತು. ಆಗಿನ ಅನುಭವ ಬಾಯಿಂದ ಬಾಯಿಗೆ ಇಳಿದು ಬಂದಿದೆ. ಮದ್ದು ಮಾತ್ರ ಬದಲಾಗಿದೆ. ತೋಟೆಗಳ ಮೇಲೆ ಇಂದಿಗೂ ‘ಡ್ರಾಮ್’ ಎಂದು ಅಚ್ಚು ಹಾಕಿರುವುದುಂಟು. ಅದು ಒಳಗಿರುವ ಮದ್ದಿನ ತೂಕವಲ್ಲ, ಅಷ್ಟು ಕರಿಮದ್ದಿನ ಬಲಕ್ಕೆ ಸಮ ಎಂದಷ್ಟೇ ಅರ್ಥ.

ಒತ್ತಡ ಎಷ್ಟೆಂದು ಕಲ್ಪಿಸಿಕೊಳ್ಳಿ. ನಮ್ಮ ಟ್ರಾಕ್ಟರಿನ ಹಿಂದಿನ ಟೈರಿಗೆ ಚದರ ಅಂಗುಲಕ್ಕೆ 12ರಿಂದ 20 ಪೌಂಡು ಗಾಳಿ ತುಂಬುತ್ತೇವೆ. ಎರಡೂ ಮುಕ್ಕಾಲು ಅಂಗುಲದ ಹನ್ನೆರಡು ಬೋರಿನ ತೋಟೆಗೆ ಅಮೆರಿಕೆಯ ತಯಾರಕರು ಇಟ್ಟುಕೊಂಡಿರುವ ಮಿತಿ ಚದರ ಅಂಗುಲಕ್ಕೆ 11,500 ಪೌಂಡು. ಇದು ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ನಡೆಯುವ ವಿದ್ಯಮಾನ. ಮದ್ದು ಅದೇ ಇದ್ದು ಕೇಪಿನ ಜಾತಿ ಬದಲಾದರೂ ಒತ್ತಡ ಬದಲಾಗುತ್ತದೆ. ಬಿಲ್ಲೆ ಬಿಗಿಯಾದರೂ, ಚರೆ ಹೆಚ್ಚಾದರೂ, ಬಾಯಿ ಮಡಿಸಿದ ರೀತಿ ಬೇರೆಯಾದರೂ ಏರುತ್ತದೆ. ಹರಿದ ಕಂಬಳಿಯ ಬಿಲ್ಲೆಗೆ ಯಾವ ಲೆಕ್ಕ ಹಾಕುತ್ತೀರಿ?

ಅಮೆರಿಕೆಯವರು ಮಾಡುತ್ತಾರಲ್ಲ?

ಮಾಡುತ್ತಾರೆ, ಹೌದು. ಅಲ್ಲಿ ಇದು ಲಕ್ಷಾಂತರ ಜನರ ಹವ್ಯಾಸ. ವಿಸ್ಕಾನ್ಸಿನ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ರಿಚರ್ಡ್ ಲೀ ಎಂಬಾತ 1958ರಲ್ಲಿ ಅಂಗೈಯಗಲದ ಸಲಕರಣೆಯೊಂದನ್ನು ಹೊರತಂದ. ಒಂದು ಸುತ್ತಿಗೆ ಇದ್ದರೆ ಅಡಿಗೆಮನೆಯ ಮೇಜಿನ ಮೇಲೇ ತೋಟೆ ತುಂಬಬಹುದು. ದೊಡ್ಡ ಯಂತ್ರ ಕೊಳ್ಳಲಾಗದವರಿಗೆ ಅದು ವರವಾಯಿತು. ನನ್ನ ತಂದೆಯ ಪೆಟ್ಟಿಗೆಗೂ ಅದಕ್ಕೂ ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಪೆಟ್ಟಿಗೆಯ ಹೊರಗೆ. ಅಲ್ಲಿ ಮದ್ದು ಮಾಡುವ ಕಂಪೆನಿಗಳು ತಮ್ಮ ಪ್ರಯೋಗಶಾಲೆಯಲ್ಲಿ ಹಾರಿಸಿ, ಒತ್ತಡ ಅಳೆದು, ಕೋಷ್ಟಕಗಳನ್ನು ಅಚ್ಚು ಹಾಕಿಸುತ್ತವೆ. ಒಂದೊಂದು ಸಾಲಿನಲ್ಲೂ ಯಾವ ಕಂಪೆನಿಯ ಖಾಲಿ ತೋಟೆ, ಯಾವ ಕೇಪು, ಯಾವ ಬಿಲ್ಲೆ, ಎಷ್ಟು ಚರೆ, ಎಷ್ಟು ಮದ್ದು, ಒತ್ತಡ ಎಷ್ಟು ಎಂದು ನಮೂದಾಗಿರುತ್ತದೆ. ಆ ಐದೂ ವಸ್ತುಗಳು ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಸಾಲಿನಲ್ಲಿ ಒಂದನ್ನು ಬದಲಿಸಿದರೂ ಆ ಸಾಲು ನಿಮ್ಮದಲ್ಲ ಎಂಬುದು ಅವರ ಮೊದಲ ಪಾಠ. ಕೈಯ ಸಲಕರಣೆ ಸರಳವಾಗಿರುವುದು ಕೋಷ್ಟಕವೆಂಬ ಕಠಿಣ ಕೆಲಸವನ್ನು ಬೇರೆಯವರು ಆಗಲೇ ಮಾಡಿ ಇಟ್ಟಿರುವುದರಿಂದ. ಕಳೆನಾಶಕವನ್ನು ಎಕರೆಗೆ ಎಷ್ಟು ಹಾಕಬೇಕೆಂದು ಡಬ್ಬಿಯ ಮೇಲೆ ಬರೆದಿರದಿದ್ದರೆ ನೀವು ಮೂಗಿನಿಂದ ಮೂಸಿ ನೋಡಿ ಹಾಕುತ್ತೀರಾ?

ನಮ್ಮಲ್ಲಿ ತುಂಬುವವನ ಕೈಗೆ ಸಿಗುವುದೇನು? ಪುಣೆಯ ಖಡ್ಕಿಯ ಕಾರ್ಖಾನೆಯಿಂದ ಬಂದ ‘ಶಕ್ತಿಮಾನ್’ ತೋಟೆಯ ಸುಟ್ಟ ಚಿಪ್ಪು, ಎಲ್ಲಿಯದೋ ಕೇಪು, ಯಾರೋ ಕೊಟ್ಟ ಮದ್ದು. ಮದ್ದಿನ ಹೆಸರೇ ತಿಳಿಯದು. ಕೆಲವರು ಇನ್ನೂ ಮುಂದೆ ಹೋಗಿ, ಬೆಂಕಿಕಡ್ಡಿಯ ತಲೆ ಕೆರೆದು ಸುಟ್ಟ ಕೇಪಿಗೆ ತುಂಬುವುದು, ಪಟಾಕಿ ಬಿಚ್ಚಿ ಅದರ ಪುಡಿಯನ್ನು ಹಾಕುವುದು ಮಾಡುತ್ತಾರೆಂದು ಕೇಳಿದ್ದೇನೆ. ಪಟಾಕಿಯ ಪುಡಿ ಚರೆಯನ್ನು ದೂಡುವುದಕ್ಕೆ ಮಾಡಿದ್ದಲ್ಲ, ಸಿಡಿಯುವುದಕ್ಕೆ ಮಾಡಿದ್ದು. ಅದನ್ನು ಗೂಟದಿಂದ ಅದುಮುವಾಗಲೇ ಸಿಡಿದರೆ ಕೋವಿಯವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಉಳಿತಾಯದ ಮಾತು. ಅಮೆರಿಕೆಯವನು ಮಣ್ಣಿನ ಬಿಲ್ಲೆ ಹಾರಿಸಿ ಗುರಿ ಹೊಡೆಯುವ ಆಟಕ್ಕೆ ವಾರಕ್ಕೆ ನೂರು ಈಡು ಹೊಡೆಯುತ್ತಾನೆ, ಅವನಿಗೆ ಉಳಿತಾಯವಿದೆ. ಒಂದು ಬೆಳೆಯ ಕಾವಲಿಗೆ ನಿಮಗೆ ಎಷ್ಟು ಬೇಕು? ನನ್ನ ಮನೆಯ ಲೆಕ್ಕದಲ್ಲಿ ಹನ್ನೆರಡು ದಾಟಿದ ವರ್ಷ ಕಡಿಮೆ. ಹೆಚ್ಚಿನವು ಗಾಳಿಗೆ, ಬೆದರಿಸಲು. ಹನ್ನೆರಡು ತೋಟೆಗಳಲ್ಲಿ ಉಳಿಯುವ ಹಣ ಒಂದು ಚೀಲ ಗೊಬ್ಬರಕ್ಕೆ ಸಾಲುವುದೂ ಅನುಮಾನ.

ಕಾಗದ, ಪ್ಲಾಸ್ಟಿಕ್ ಚಿಪ್ಪುಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಹಿತ್ತಾಳೆಯ ತೋಟೆ ಮಳೆಗೆ ಉಬ್ಬುವುದಿಲ್ಲ. ಕಾಗದದ್ದು ನಮ್ಮ ಆಷಾಢದ ತೇವಕ್ಕೆ ಉಬ್ಬಿ ಕೋವಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಹಾರಿದ ಮೇಲೆ ಬಾಯಿಯ ಹತ್ತಿರ ಸುಟ್ಟು ತೆಳುವಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ತೇವ ತಾಗದು, ಆದರೆ ಮಡಿಕೆಯ ಗೆರೆಯಲ್ಲಿ ಸೀಳುತ್ತದೆ. ಬುಟ್ಟಿಯಲ್ಲಿ ಬಿದ್ದಿರುವ ಚಿಪ್ಪುಗಳಲ್ಲಿ ಎಷ್ಟು ಮತ್ತೆ ತುಂಬಲು ಯೋಗ್ಯ ಎಂದು ಹೇಳುವ ಕಣ್ಣು ನಮ್ಮ ತಂದೆಗಿತ್ತು, ನನಗಿಲ್ಲ.

ಕಾಯಿದೆ ಏನೆನ್ನುತ್ತದೆ

1959ರ ಆಯುಧ ಕಾಯಿದೆಯನ್ನು ಬಹಳ ಜನ ‘ಕೋವಿಗೆ ಲೈಸೆನ್ಸು ಬೇಕು’ ಎಂಬಷ್ಟಕ್ಕೇ ಓದಿಕೊಂಡಿದ್ದಾರೆ. ಆ ಕಾಯಿದೆಯ ಪ್ರಕಾರ ಮದ್ದುಗುಂಡು ಎಂದರೆ ತುಂಬಿದ ತೋಟೆ ಮಾತ್ರವಲ್ಲ. ಅದರ ಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಅದರಲ್ಲಿ ಸೇರಿವೆ. ತಯಾರಿಕೆಗೆ 5ನೆಯ ಕಲಮಿನಂತೆ ಬೇರೆಯೇ ಲೈಸೆನ್ಸು ಬೇಕು. ಅದನ್ನು ಮೀರಿ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ನಿಮ್ಮ ಕೋವಿಯ ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟು ತೋಟೆ ಎಂದು ಬರೆದಿರುತ್ತದೆ. ಅಂಗಡಿಯವನು ಕೊಟ್ಟದ್ದು ಅದರಲ್ಲಿ ನಮೂದಾಗುತ್ತದೆ. ಮನೆಯಲ್ಲಿ ತುಂಬಿದ ತೋಟೆಗೆ ಯಾವ ನಮೂದು? ನಾಳೆ ಯಾರೋ ಕಾಡಿನಲ್ಲಿ ಕಡವೆ ಹೊಡೆದರೆ ಮೊದಲು ಜಾಲಾಡುವುದು ಲೈಸೆನ್ಸು ಇರುವವನ ಮನೆಯನ್ನೇ. ಆಗ ಚಾಪೆಯ ಮೇಲೆ ಕೇಪು, ಚರೆ, ಬುಟ್ಟಿಗಟ್ಟಲೆ ಚಿಪ್ಪು ಕಂಡರೆ ‘ಬೆಳೆ ಕಾಯಲು ಸ್ವಾಮಿ’ ಎಂಬ ಮಾತನ್ನು ಯಾರು ಕೇಳುತ್ತಾರೆ?

ಕೊಡಗಿನ ಓದುಗರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ, ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವ ಮಾತು. ತೋಟೆ ತಯಾರಿಕೆಗೆ ಕೊಟ್ಟ ಅಪ್ಪಣೆಯೆಂದು ಯಾರೂ ತಿಳಿಯಬಾರದು.

ಇನ್ನು ಕೋವಿಯ ಲೈಸೆನ್ಸು ಬೇಟೆಯ ಪರವಾನಗಿಯೂ ಅಲ್ಲ. 1972ರ ವನ್ಯಜೀವಿ ಕಾಯಿದೆಯ 11ನೆಯ ಕಲಮಿನಲ್ಲಿ, ಬೆಳೆಗೆ ಅಪಾಯವಾದ ಕೆಲವು ಪ್ರಾಣಿಗಳನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅಪ್ಪಣೆ ಕೊಡಬಹುದು. ಅಪ್ಪಣೆ ಇಲ್ಲದೆ ಹಂದಿಯ ಮೇಲೂ ಗುರಿ ಹಿಡಿಯುವಂತಿಲ್ಲ. ನಿಮ್ಮ ಸಿಟ್ಟು ನನಗೂ ಇದೆ. ಆದರೂ ಹೇಳಬೇಕಾದ್ದನ್ನು ಹೇಳಿದ್ದೇನೆ.

ಕೇಪಿನ ಕೋವಿಯವರ ಆಕ್ಷೇಪ

ಇಲ್ಲಿಯವರೆಗೆ ಓದಿದ ಕೇಪಿನ ಕೋವಿಯವರು ನಗುತ್ತಿರಬೇಕು. ನ್ಯಾಯವೇ. ಆಯುಧ ಕಾಯಿದೆಯ 13ನೆಯ ಕಲಮು ಬೆಳೆರಕ್ಷಣೆಗೆ ಮೊದಲು ಸೂಚಿಸುವುದೇ ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿ. ಕೇಪಿನ ಕೋವಿಯವನು ಪ್ರತಿ ಈಡನ್ನೂ ತನ್ನ ಕೈಯಿಂದಲೇ ಮದ್ದು ಸುರಿದು, ಗಜದಿಂದ ಅದುಮಿ, ಚರೆ ಹಾಕಿ, ಕೇಪು ಇಟ್ಟು ಹೊಡೆಯುತ್ತಾನೆ. ನಳಿಗೆಯಲ್ಲಿ ತುಂಬಲು ಒಪ್ಪುವ ಸರಕಾರ ತೋಟೆಯಲ್ಲಿ ತುಂಬಬೇಡ ಎನ್ನುವುದು ಯಾವ ತರ್ಕ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದಷ್ಟು ಇದೆ. ಕೇಪಿನ ಕೋವಿ ಕರಿಮದ್ದಿಗೆಂದೇ ಮಾಡಿದ್ದು, ಕರಿಮದ್ದಿನಲ್ಲೇ ನಿಂತರೆ ಅಳತೆ ತಪ್ಪಿದರೂ ಸಾಮಾನ್ಯವಾಗಿ ಹೆಗಲಿಗೆ ಒದೆತ ಬೀಳುವಲ್ಲಿಗೆ ಮುಗಿಯುತ್ತದೆ. ಹಾಗೆಂದು ಅಲ್ಲಿಯೂ ಎರಡು ಈಡು ಒಂದರ ಮೇಲೊಂದು ಬಿದ್ದು ಒಡೆದ ಕೋವಿಗಳಿವೆ. ಗಜಕ್ಕೆ ಒಂದು ಗುರುತು ಮಾಡಿಕೊಂಡು, ಖಾಲಿ ನಳಿಗೆಯ ಆಳವೆಷ್ಟು ತುಂಬಿದ ನಳಿಗೆಯ ಆಳವೆಷ್ಟು ಎಂದು ನೋಡುವವನು ಈ ತಪ್ಪು ಮಾಡುವುದಿಲ್ಲ.

ಅವರಿಗೇ ನಾನು ಕೈಮುಗಿದು ಹೇಳುವುದೊಂದಿದೆ. ಕರಿಮದ್ದು ಸಿಗದಿದ್ದಾಗ ಅಂಗಡಿ ತೋಟೆಯನ್ನು ಕೊಯ್ದು ಅದರ ಮದ್ದನ್ನು ಕೇಪಿನ ಕೋವಿಗೆ ಹಾಕಬೇಡಿ. ಪಕ್ಕದ ಊರಿನಲ್ಲಿ ಹೀಗೆ ಮಾಡಿದವರೊಬ್ಬರು ಎಡಗೈಯ ಎರಡು ಬೆರಳು ಕಳೆದುಕೊಂಡರು. ಅಡಿಕೆ ಸುಲಿಯುವುದರಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ. ಈಗ ಸುಲಿಯುವ ಮನೆಗಳಿಗೆ ಅವರು ಹೋಗುವುದಿಲ್ಲ. “ಎರಡೂ ಕಪ್ಪಗೇ ಇತ್ತಲ್ಲ” ಎಂದಷ್ಟೇ ಹೇಳುತ್ತಾರೆ.

ಕೇಳಬೇಕಾದ್ದು

ಹುಡುಗನಿಗೆ ಪೆಟ್ಟಿಗೆ ಕೊಡಲಿಲ್ಲ ಎಂದ ಮಾತ್ರಕ್ಕೆ ಅವನ ಕಷ್ಟ ಸುಳ್ಳಲ್ಲ. ತೋಟೆಗಾಗಿ ಒಂದು ದಿನದ ಕೆಲಸ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಹೋದರೆ ಬೇಕಾದ ನಂಬರು ಇರುವುದಿಲ್ಲ. ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂಬ ನೋಟೀಸು ಬರುತ್ತದೆ. ಹಂದಿಗಳಿಗೆ ಚುನಾವಣೆಯ ವೇಳಾಪಟ್ಟಿ ಗೊತ್ತಿರುವಂತೆ ತೋರುತ್ತದೆ. ಈ ಕಷ್ಟಗಳಿಗೆ ಮದ್ದು ಚಾವಡಿಯ ಚಾಪೆಯ ಮೇಲಿಲ್ಲ. ತಾಲ್ಲೂಕಿನ ಸಹಕಾರ ಸಂಘಗಳು ಗೊಬ್ಬರ, ಬೀಜ, ಔಷಧಿ ಮಾರುತ್ತವೆ. ಅವುಗಳಲ್ಲಿ ಒಂದಾದರೂ ಲೈಸೆನ್ಸು ಪಡೆದು ಬೆಳೆರಕ್ಷಣೆಯ ತೋಟೆ, ಕರಿಮದ್ದು, ಕೇಪುಗಳನ್ನು ಇಟ್ಟುಕೊಳ್ಳುವಂತೆ ಸದಸ್ಯರು ಮಹಾಸಭೆಯಲ್ಲಿ ಏಕೆ ಠರಾವು ಮಾಡಬಾರದು? ಹಿಂದೆ ಯಾವುದೇ ಮೊಕದ್ದಮೆಯಿಲ್ಲದ ರೈತನ ಕೋವಿಯನ್ನು ಪೈರು ಗದ್ದೆಯಲ್ಲಿರುವಾಗ ಠಾಣೆಗೆ ತರಿಸಬೇಡಿ ಎಂದು ಒಟ್ಟಾಗಿ ಅರ್ಜಿ ಏಕೆ ಕೊಡಬಾರದು? ಒಬ್ಬೊಬ್ಬರೇ ಹೋಗಿ ಮೇಜಿನ ಮುಂದೆ ನಿಂತರೆ ಆಗುವುದಿಲ್ಲ.

ವಿಶ್ವವಿದ್ಯಾನಿಲಯಕ್ಕೂ ಒಂದು ದೂರು ಇದೆ. ಅದರ ಪತ್ರಿಕೆಯಲ್ಲೇ ಬರೆಯುತ್ತಿರುವುದರಿಂದ ಸಂಕೋಚವಿಲ್ಲ. ಸಿಂಪಡಣೆ ಯಂತ್ರ ಹಿಡಿಯುವುದನ್ನು ನಮಗೆ ಕಲಿಸಿದಿರಿ, ಮುಖಕ್ಕೆ ಬಟ್ಟೆ ಕಟ್ಟಲು ಕಲಿಸಿದಿರಿ. ಕೋವಿಯ ವಿಷಯ ಬಂದಾಗ ಅದು ಪೋಲೀಸರದು ಎಂದು ಬಿಟ್ಟಿರಿ. 2016ರ ಆಯುಧ ನಿಯಮಗಳ ಪ್ರಕಾರ ಹೊಸದಾಗಿ ಲೈಸೆನ್ಸು ಕೇಳುವವರು ಸುರಕ್ಷತೆಯ ತರಬೇತಿ ಪಡೆದಿರಬೇಕು. ಅಪ್ಪನಿಂದ ಕೋವಿ ಬಂದವರು, ನನ್ನ ಹಾಗೆ ಹಳೆಯ ಲೈಸೆನ್ಸಿನವರು, ಯಾರ ಹತ್ತಿರ ಏನು ಕಲಿತಿದ್ದಾರೆ? ಸುಗ್ಗಿಗೆ ಮುಂಚೆ ಹೋಬಳಿಗೊಂದು ಅರ್ಧ ದಿನ, ಅರಣ್ಯ ಇಲಾಖೆಯವರನ್ನೂ ಠಾಣೆಯವರನ್ನೂ ಕೂರಿಸಿಕೊಂಡು ಒಂದು ಶಿಬಿರ ನಡೆಸಿದರೆ ಖರ್ಚು ಬಹಳವಾಗದು.

ಅಲ್ಲಿಯವರೆಗೆ, ನಮ್ಮ ತಂದೆ ನನಗೆ ಕಲಿಸಿದ್ದರಲ್ಲಿ ತೋಟೆ ತುಂಬದವರಿಗೂ ಬೇಕಾದ ಕೆಲವನ್ನು ಬರೆದಿಡುತ್ತೇನೆ. ಕುದುರೆ ಎಳೆದಾಗ ಹಾರದಿದ್ದರೆ ಕೋವಿಯನ್ನು ಹೆಗಲಿನಿಂದ ಇಳಿಸಿ ಒಳಗೆ ಇಣುಕಬೇಡಿ. ಬಾಯಿ ಬಯಲಿನ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ತಡವಾಗಿ ಹತ್ತಿಕೊಳ್ಳುವ ಕೇಪು ಉಂಟು. ಸದ್ದು ಮಾಮೂಲಿಗಿಂತ ಕಡಿಮೆಯಾಗಿದ್ದರೆ, ಎದುರಿಗೆ ಆನೆಯೇ ಇದ್ದರೂ, ನಳಿಗೆಯಲ್ಲಿ ಬೆಳಕು ಕಾಣುವುದೇ ಎಂದು ನೋಡದೆ ಎರಡನೆಯ ತೋಟೆ ಹಾಕಬೇಡಿ. ಮನೆಯಲ್ಲಿ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಅದರ ತೋಟೆಗಳನ್ನು ಬೇರೆ ಚೀಲದಲ್ಲಿಡಿ. ಕತ್ತಲಲ್ಲಿ ಅದು ಹನ್ನೆರಡು ಬೋರಿನ ಕೋವಿಗೆ ಜಾರಿ ಮುಂದೆ ಹೋಗಿ ಕೂರುತ್ತದೆ, ಕೋವಿ ಖಾಲಿ ಇದೆಯೆಂದು ಹಿಂದೆ ಇನ್ನೊಂದನ್ನು ಹಾಕಿದರೆ ನಳಿಗೆ ಉಳಿಯದು. ಈ ಅಪಾಯಕ್ಕೇ ಅಮೆರಿಕೆಯವರು ಇಪ್ಪತ್ತು ಬೋರಿನ ತೋಟೆಗೆ ಹಳದಿ ಬಣ್ಣ ಕೊಟ್ಟಿರುವುದು. ನಳಿಗೆಯ ಮೇಲೆ ಹಾವಿನ ಚರ್ಮದಂತೆ ಸುರುಳಿ ಗೆರೆಗಳಿರುವ ಹಳೆಯ ಕೋವಿಗಳಿಗೆ ಅಂಗಡಿಯ ತೋಟೆಯನ್ನೇ ಹಾಕಬೇಡಿ. ಅವು ಕರಿಮದ್ದಿನ ಕಾಲದವು, ಗೋಡೆಯ ಮೇಲೆ ಚೆಂದ. ಎಸ್.ಜಿ. ಚರೆ ಔನ್ಸಿಗೆ 8 ಬರುತ್ತದೆ, 6ನೇ ನಂಬರು 270. ಸಣ್ಣ ಚರೆ ಇನ್ನೂರು ಗಜದ ಆಸುಪಾಸಿನಲ್ಲಿ ಬಿದ್ದುಹೋಗುತ್ತದೆ, ಎಸ್.ಜಿ. ಆರುನೂರು ಗಜವನ್ನೂ ದಾಟಬಲ್ಲದು; ಗದ್ದೆಯ ಆಚೆಯ ದೀಪ ಯಾರ ಮನೆಯದೆಂದು ನೋಡಿಕೊಳ್ಳಿ. ಚರೆ ಸೀಸದ್ದು. ಮುಟ್ಟಿದ ಕೈಯನ್ನು ತೊಳೆಯದೆ ಎಲೆ ಅಡಿಕೆ ಹಾಕಬೇಡಿ.

ಮನೆಯಲ್ಲಿ ಹಿರಿಯರು ತುಂಬಿಟ್ಟ ಹಳೆಯ ತೋಟೆಗಳಿದ್ದರೆ, ಒಳಗೇನಿದೆ ಎಂದು ಬಿಚ್ಚಿ ನೋಡುವ ಕುತೂಹಲ ಬೇಡ. ಒಲೆಗೆ, ಬಾವಿಗೆ, ಗೊಬ್ಬರದ ಗುಂಡಿಗೆ ಎಸೆಯುವುದೂ ಬೇಡ. ಒಣ ಜಾಗದಲ್ಲಿಟ್ಟು, ಲೈಸೆನ್ಸು ಹಿಡಿದು ಠಾಣೆಗೆ ಇಲ್ಲವೇ ಲೈಸೆನ್ಸುದಾರ ಅಂಗಡಿಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀದಿ ಪಡೆಯಿರಿ. ನಾನು ಹಾಗೆಯೇ ಹದಿನಾಲ್ಕು ತೋಟೆ ಒಪ್ಪಿಸಿದೆ. ರಟ್ಟಿನ ಮೇಲೆ ನನ್ನ ಅಕ್ಷರದ ನಂಬರುಗಳು ಇನ್ನೂ ಮಾಸಿರಲಿಲ್ಲ. ಪೆಟ್ಟಿಗೆಯ ವಿಷಯವನ್ನೂ ಅರ್ಜಿ ಬರೆದು ಕೇಳಿದ್ದೇನೆ. ಉತ್ತರ ಬಂದ ದಿನ ಅದೂ ಅಟ್ಟದಿಂದ ಇಳಿಯುತ್ತದೆ. ಹುಡುಗ ಈ ಸಲ ಪೇಟೆಗೆ ಹೊರಟಾಗ ನನಗೂ ಐದು ತೋಟೆಗೆ ಹೇಳಿ ಬರಲು ಒಪ್ಪಿದ್ದಾನೆ. ಖರೀದಿಗೆ ನಾನೇ ಲೈಸೆನ್ಸು ಹಿಡಿದು ಹೋಗಬೇಕು.